ಕೋಟೆಯ ಮಣ್ಣಿನಲ್ಲಿ ಮೆಣಸಿನ ಸಸಿ

ಬೀದರಿನಲ್ಲಿ ನನ್ನಿಂದ ಮೋಸಹೋಗದವರು ಇಬ್ಬರೇ ಇದ್ದರು. ಒಬ್ಬರು ನಾನು ಹುಟ್ಟುವ ಮೊದಲೇ ತೀರಿಹೋಗಿದ್ದರು, ಇನ್ನೊಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಹೈದರಾಬಾದಿನಿಂದ ಹುಕ್ಕಾ ಕೊಳ್ಳಲು ಬಂದ ಸಾಹುಕಾರನಿಗೆ ಬಿದ್ರಿ ಪಾತ್ರೆಯ ಬೆಳ್ಳಿ ತಂತಿಯನ್ನು ಕೋಟೆಯ ಜೇಡಗಳು ನೇಯುತ್ತವೆ ಎಂದು ಹೇಳಿ, ಒಂದಿಡೀ ಮಧ್ಯಾಹ್ನ ಅವನು ಕತ್ತೆತ್ತಿಕೊಂಡು ಕೋಟೆಯ ಗೋಡೆ ನೋಡುತ್ತ ಅಲೆಯುವಂತೆ ಮಾಡಿದವನು ನಾನು. ನನಗೆ ಕೆಲಸ ಕಲಿಸಿದ ಉಸ್ತಾದರ ನಶ್ಯದ ಡಬ್ಬಿಯಲ್ಲಿ ಇದ್ದಿಲ ಪುಡಿ ತುಂಬಿಟ್ಟವನೂ ನಾನೇ. ಅವರು ಮೂಗು ಕಪ್ಪಗೆ ಮಾಡಿಕೊಂಡೇ ಒಂದು ನಿಕಾಹಕ್ಕೆ ಹೋಗಿ ಬಂದರು. ಈಗ ಬಾಯಲ್ಲಿ ಹಲ್ಲಿಲ್ಲ, ಆದರೆ ಸುಳ್ಳು ಹೇಳಲು ಹಲ್ಲು ಬೇಕಾಗುವುದಿಲ್ಲ.

ಇಂಥ ನೂರು ಕಥೆಗಳನ್ನು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ್ದೇನೆ. ಒಂದನ್ನು ಮಾತ್ರ ಹೇಳಿಲ್ಲ. ಅದರಲ್ಲಿ ಮೋಸಹೋಗಬೇಕಾದವಳು ನನ್ನ ಹೆಂಡತಿ. ಅವಳು ಈಗಿಲ್ಲ. ಇದ್ದಿದ್ದರೆ ಇದನ್ನು ನನಗಿಂತ ಚೆನ್ನಾಗಿ, ನನಗಿಂತ ಚಿಕ್ಕದಾಗಿ ಹೇಳುತ್ತಿದ್ದಳು.

ನಮ್ಮದು ಬಿದ್ರಿ ಕೆಲಸದ ಮನೆ. ನಾವು ಜಸ್ತ ಎನ್ನುವ ಸತುವಿಗೆ ತಾಮ್ರ ಕೂಡಿಸಿ ಎರಕ ಹೊಯ್ದ ಪಾತ್ರೆಯ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಬಳಿಯುತ್ತೇವೆ. ಬೆಳ್ಳಿ ಬೆಳ್ಳಗೆ ಉಳಿಯುತ್ತದೆ, ಮಿಕ್ಕದ್ದೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ. ಇದಕ್ಕೆ ಎಲ್ಲ ಮಣ್ಣೂ ಬರುವುದಿಲ್ಲ. ಹಳೆಯ ಕಟ್ಟಡಗಳ ಒಳಗೆ, ನೂರಾರು ವರ್ಷ ಮಳೆ ಬಿಸಿಲು ಕಾಣದೆ ಬಿದ್ದಿರುವ ಮಣ್ಣೇ ಆಗಬೇಕು. ಅದನ್ನು ನಾಲಗೆಯ ಮೇಲೆ ಇಟ್ಟುಕೊಂಡು ರುಚಿ ನೋಡಿ ಆರಿಸುತ್ತೇವೆ. ಇಪ್ಪತ್ತೆರಡನೆಯ ವಯಸ್ಸಿಗೆ ನನ್ನ ನಾಲಗೆ ಉಸ್ತಾದರ ನಾಲಗೆಗಿಂತ ಚುರುಕಾಗಿತ್ತು. ಇದು ಬಡಾಯಿ ಅಂದುಕೊಂಡರೂ ಅಡ್ಡಿಯಿಲ್ಲ, ಆದರೆ ನಿಜ.

ಪೊಲೀಸ್ ಆಕ್ಷನ್ ನಡೆದ ವರ್ಷ, ಅಂದರೆ ನಲವತ್ತೆಂಟರ ಬೇಸಿಗೆಯಲ್ಲಿ ನನ್ನ ಮದುವೆಯಾಯಿತು. ಹುಡುಗಿ ಔರಾದ ಕಡೆಯ ಒಂದು ಸಣ್ಣ ಹಳ್ಳಿಯವಳು. ಜೋಳ, ತೊಗರಿ ಬೆಳೆಯುವ, ಹತ್ತಿಪ್ಪತ್ತು ಕುರಿ ಸಾಕುವ ಮನೆ. ತಂದೆತಾಯಿಗೆ ಒಬ್ಬಳೇ ಮಗಳು. ಆ ಕಡೆಯ ಹೆಣ್ಣುಮಕ್ಕಳಲ್ಲಿ ಒಂದು ರೂಢಿಯಿತ್ತು. ಮಗಳನ್ನು ಮೊದಲ ಸಲ ಗಂಡನ ಮನೆಗೆ ಕಳಿಸುವಾಗ ತಾಯಿ ತನ್ನ ಹಿತ್ತಲಿನ ಮೆಣಸಿನಕಾಯಿ ಬೀಜವನ್ನು ಬಟ್ಟೆಯ ತುಂಡಿನಲ್ಲಿ ಗಂಟು ಕಟ್ಟಿ ಕೊಡುತ್ತಾಳೆ. ಮಗಳು ಮೊದಲ ಮಳೆಗೆ ಅದನ್ನು ಊರಬೇಕು. ಗಿಡ ಎದ್ದು ಕಾಯಿ ಬಿಟ್ಟರೆ ತವರು ತಣ್ಣಗಿದೆ ಎಂದು ಅರ್ಥ. ನನ್ನ ಹೆಂಡತಿ ಆ ಗಂಟನ್ನು ತಂದು ದೇವರ ಗೂಡಿನಲ್ಲಿ ಇಟ್ಟಳು. ನಾನು ಅದನ್ನು ನೋಡಿ, "ಇಷ್ಟು ಖಾರ ತವರಿಂದ ತಂದೀದಿ, ಇನ್ನ ನಿನ್ನ ಬಾಯಾಗ ಬ್ಯಾರೆ ಎಷ್ಟು ಅದನೋ!" ಅಂದೆ. ಅವಳು ನಕ್ಕಳು. ಆ ಬೇಸಿಗೆಯಲ್ಲಿ ಅವಳು ನಕ್ಕಿದ್ದು ಅದೊಂದೇ ನೆನಪಿದೆ.

ಮುಂದೆ ಮಳೆ ಬಂತು, ಅದರ ಜೊತೆಗೆ ಹಾವಳಿಯೂ ಬಂತು. ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂಬ ಆ ದಿನಗಳಲ್ಲಿ ಹಳ್ಳಿಗಳಿಗೆ ಬಂದೂಕು ಹಿಡಿದವರು ಬರುತ್ತಿದ್ದರು. ಬೀದರಿನಲ್ಲಿ ಸಂಜೆಗೆ ಮೊದಲೇ ಬಾಗಿಲುಗಳು ಮುಚ್ಚುತ್ತಿದ್ದವು. ನಮ್ಮ ಕಾರಖಾನೆಗೆ ಬೀಗ ಬಿತ್ತು. ಆಷಾಢದಲ್ಲಿ ಕಮಲನಗರದ ಸಂತೆಗೆ ಹೋಗಿ ಬಂದ ಒಬ್ಬ ಪರಿಚಯದವನು ಸುದ್ದಿ ತಂದ. ಹೆಂಡತಿಯ ಊರಿಗೆ ಬೆಂಕಿ ಇಟ್ಟಿದ್ದಾರೆ, ಜನ ಹಳ್ಳದ ಗುಂಟ ಓಡಿಹೋಗಿದ್ದಾರೆ, ಯಾರು ಉಳಿದರು ಯಾರು ಇಲ್ಲ ಎಂದು ಯಾರಿಗೂ ತಿಳಿಯದು. ಅವಳು ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿದಳು. ಅಳಲಿಲ್ಲ. ದೇವರ ಗೂಡಿನಿಂದ ಗಂಟು ತೆಗೆದುಕೊಂಡು ಬಂದಳು.

"ಮಣ್ಣು ಬೇಕಾಗೇದ್ರಿ."

"ಯಾತಕ್ಕ?"

"ಬೀಜ ಹಾಕ್ತೇನಿ. ಇವು ಬದುಕಿದ್ರ ನಮ್ಮವ್ವ ಬದುಕ್ಯಾಳ."

ಹೊರಗೆ ಹೊಲಕ್ಕೆ ಹೋಗಿ ಮಣ್ಣು ತರುವ ಕಾಲ ಅದಲ್ಲ. ಊರ ಬಾಗಿಲಲ್ಲಿ ತಡೆಯುತ್ತಿದ್ದರು. ಆದರೆ ನನ್ನ ಮನೆಯ ಮೂಲೆಯಲ್ಲಿ ಒಂದು ಗೋಣಿಚೀಲ ತುಂಬ ಕೋಟೆಯ ಮಣ್ಣಿತ್ತು. ಇಡೀ ಬೀದರಿನಲ್ಲಿ ಅದಕ್ಕಿಂತ ಬೆಲೆಯುಳ್ಳ ಮಣ್ಣು ನನಗೆ ಗೊತ್ತಿರಲಿಲ್ಲ. ಕೋಟೆಗೆ ಹೋಗುವುದು ನಿಂತಿದ್ದರಿಂದ ಅದು ಮುಗಿದರೆ ಮತ್ತೆ ಸಿಗುವ ಭರವಸೆಯೂ ಇರಲಿಲ್ಲ. ಅದನ್ನೇ ಹೆಂಡತಿಗೆ ಸುರಿದು ಕೊಟ್ಟೆ. ಎದೆ ಉಬ್ಬಿಸಿಕೊಂಡೇ ಕೊಟ್ಟೆ.

ಅವಳು ಒಂದು ಹಿಡಿ ತೆಗೆದುಕೊಂಡು ಅಮುಕಿ ನೋಡಿದಳು. "ಇದು ಮುಷ್ಟಿಯಾಗ ಕೂಡವಲ್ದು. ಬೂದಿ ಇದ್ದಂಗ ಅದಲ್ರಿ?"

"ಬಾದಶಾಹರ ಕೋಟಿ ಮಣ್ಣು ಅದು. ನಾಲಿಗಿ ಮ್ಯಾಲ ಇಟ್ಟು ನೋಡೇನಿ, ಅಗದಿ ಅವ್ವಲ್ ಅದ."

"ನಾಲಿಗಿ ಮ್ಯಾಲ ಇಟ್ಟರ ಹೊಲದ ಮಣ್ಣಿನ ಗುಣ ತಿಳೀತದೇನ್ರಿ?"

"ನಿಮ್ಮ ಕಡಿ ಬರೇ ಜೋಳದ ಮಣ್ಣು. ಇದು ಬೆಳ್ಳಿ ಬೆಳಗಸೋ ಮಣ್ಣು. ನಿಂಗೇನ್ ಗೊತ್ತದ, ಹಾಕು."

ಹಾಕಿದಳು. ಎರಕಕ್ಕೆ ಬಳಸುತ್ತಿದ್ದ ಅಗಲ ಬಾಯಿಯ ಎರಡು ಮಣ್ಣಿನ ಕುಂಡಗಳಲ್ಲಿ ತುಂಬಿ, ಸಾಲು ಎಳೆದು, ಬೀಜ ಉದುರಿಸಿ, ಬೆರಳ ತುದಿಯಿಂದ ನೀರು ಚಿಮುಕಿಸಿದಳು. ಹೊರಗೆ ಇಡಲು ಭಯ. ನಾಲ್ಕಾರು ಮನೆಗಳಿದ್ದ ನಮ್ಮ ವಾಡೆಯ ಅಂಗಳಕ್ಕೆ ಓಣಿಯ ಕಡೆ ಬಾಗಿಲಿತ್ತು, ಆಡು ಕೋಳಿಗಳೂ ಇದ್ದವು. ಆದ್ದರಿಂದ ಕುಂಡಗಳು ಒಳಕೋಣೆಯಲ್ಲಿ, ಮುಚ್ಚಿದ ಕಿಟಕಿಯ ಕೆಳಗೆ ಕೂತವು. ಆ ಕಿಟಕಿಯ ಸಂದಿಯಿಂದ ಬೆರಳಗಲ ಬೆಳಕು ಬರುತ್ತಿತ್ತು.

ಅರವತ್ತರಷ್ಟು ಬೀಜಗಳಲ್ಲಿ ಹತ್ತೊಂಬತ್ತು ಮೊಳೆತವು. ಅವಳು ದಿನವೂ ಎಣಿಸುತ್ತಿದ್ದಳು. ಎಣಿಸಿದ ಮೇಲೆಯೇ ಒಲೆ ಹೊತ್ತಿಸುತ್ತಿದ್ದಳು. ಸಸಿಗಳು ಮೇಲಕ್ಕೇನೋ ಬೇಗ ಬೇಗ ಎದ್ದವು. ನಾನು ನೋಡಿ, "ಕಂಡೀ? ಬಾದಶಾಹರ ಮಣ್ಣು!" ಅಂದೆ. ಆದರೆ ಅವು ನೂಲಿನಂತೆ ಸಣ್ಣಗಾಗಿ, ಬೆಳ್ಳಗಾಗಿ, ಎಲ್ಲವೂ ಆ ಕಿಟಕಿಯ ಸಂದಿಯ ಕಡೆಗೆ ಕತ್ತು ಚಾಚಿ ಬಾಗಿದ್ದವು. ಎರಡೆಲೆ ಬಿಟ್ಟ ಮೇಲೆ ಎಲೆಯ ಅಂಚು ಸುಟ್ಟಂತೆ ಕಂದಾಯಿತು. ಮಣ್ಣಿನ ಮೇಲೆ ಬಿಳಿಯ ಪೊರೆ ಕಟ್ಟಿತು. ಹತ್ತೊಂಬತ್ತು ಹದಿನಾರಾಯಿತು, ಹದಿನಾರು ಹನ್ನೆರಡಾಯಿತು. ಸತ್ತ ಸಸಿಯನ್ನು ಅವಳು ಕಿತ್ತು ಸೆರಗಿನಲ್ಲಿ ಹಾಕಿಕೊಂಡು ಹೊರಗೆ ಹಾಕಿ ಬರುತ್ತಿದ್ದಳು. ಹತ್ತು ಉಳಿದ ದಿನ ಅವಳು ಒಲೆ ಹೊತ್ತಿಸಲಿಲ್ಲ.

"ಉಣ್ಣೋದಿಲ್ಲೇನು?" ಅಂದೆ.

"ನೀವು ಉಣ್ರಿ. ನಿನ್ನಿ ರೊಟ್ಟಿ ಅವ."

ಅವಳು ಮತ್ತೆ ಕುಂಡದ ಮುಂದೆ ಹೋಗಿ ಕೂತಳು. ಆಗ ನನ್ನ ತಲೆಗೆ ಬಂದ ಉಪಾಯ ನನ್ನ ಜಾತಕಕ್ಕೆ ತಕ್ಕದ್ದೇ ಆಗಿತ್ತು. ಸಸಿ ಸಾಯುತ್ತಿವೆ ತಾನೆ, ಬೇರೆ ಸಸಿ ತಂದು ಇಟ್ಟರಾಯಿತು. ಮೆಣಸಿನ ಸಸಿಗೇನು ಮುಖ ಮೂಗು ಇದೆಯೇ? ಸತ್ತ ಒಂದು ಸಸಿಯನ್ನು ಅದರ ಬೇರಿನ ಮಣ್ಣಿನ ಸಮೇತ ಕರವಸ್ತ್ರದಲ್ಲಿ ಸುತ್ತಿಕೊಂಡೆ, ಅದರದೇ ಅಳತೆಯ ಜೋಡಿ ಹುಡುಕಬೇಕಲ್ಲ! ಒಂದು ಬೆಳಿಗ್ಗೆ ಬೀದರಿನ ಅಂಚಿನ ನೌಬಾದಕ್ಕೆ ನಡೆದೆ. ಊರ ಬಾಗಿಲಲ್ಲಿ ತಡೆದವರಿಗೆ ಅತ್ತೆಗೆ ಹೆರಿಗೆಯಾಗಿದೆ ಅಂದೆ. ನನ್ನ ಅತ್ತೆಗೆ ಆಗ ನಲವತ್ತೈದು ದಾಟಿತ್ತು.

ನೌಬಾದದಲ್ಲಿ ನೆಲದಡಿಯ ಹಳೆಯ ಸುರಂಗದಿಂದ ಬರುವ ನೀರಿನ ಪಕ್ಕದಲ್ಲಿ ಒಬ್ಬ ಮುದುಕ ಬಾಗವಾನ ಕಾಯಿಪಲ್ಲೆ ಬೆಳೆಯುತ್ತಿದ್ದ. ಅವನ ಮಡಿಗಳಲ್ಲಿ ಬದನೆ, ಮೆಣಸಿನ ಸಸಿಗಳು ಗೇಣುದ್ದ, ಹಸಿರಾಗಿ, ನೆಟ್ಟಗೆ ನಿಂತಿದ್ದವು. ನಾನು ಕರವಸ್ತ್ರ ಬಿಚ್ಚಿ, "ಚಾಚಾ, ಇದರ ಅಳತೀದು ಐದು ಸಸಿ ಬೇಕು," ಅಂದೆ.

ಅವನು ನನ್ನ ಸಸಿಯನ್ನು ನೋಡಿ ಹುಬ್ಬು ಗಂಟು ಹಾಕಿದ. "ಅಳತಿ? ಸಸಿ ಅಂದ್ರ ಏನು ಚಪ್ಪಲೇನೋ ಬೇಟಾ? ಯಾರಿಗೆ ಟೋಪಿ ಹಾಕ್ಲಿಕ್ಕೆ ಹೊಂಟೀದಿ?"

ನನ್ನನ್ನು ಒಂದೇ ನೋಟದಲ್ಲಿ ಹಿಡಿದ ಮನುಷ್ಯ ಅವನೊಬ್ಬನೇ. ನಾನು ಹೆಂಡತಿಯ ವಿಷಯ, ಅವಳ ತವರಿನ ವಿಷಯ ಹೇಳಿದೆ. ಅವನು ಬೇರಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು ನಾಲಗೆಗೆ ಹಚ್ಚಿಕೊಂಡ. ಥೂ ಎಂದು ಉಗುಳಿ, ಸುರಂಗದ ನೀರಿನಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದ.

"ಇದು ಕಿಲ್ಲೆದ ಮಣ್ಣಲ್ಲೇನೋ?"

"ಹೌದು. ನಾನೇ ಆರಿಸಿ ತಂದದ್ದು."

"ಶಾಬಾಸ್! ನೀವು ಬಿದ್ರಿ ಮಂದಿ ಇದರ್ಲೆ ಏನ್ ಮಾಡ್ತೀರಿ?"

"ಜಸ್ತ ಕಪ್ಪ ಮಾಡ್ತೇವಿ."

"ಜಸ್ತ ತಿನ್ನೋ ಮಣ್ಣು, ಕೂಸಿನ ಕೂದಲಿನಷ್ಟು ಬೇರಿಗೆ ಬಿಡ್ತದೇನೋ? ತೌಬಾ, ತೌಬಾ! ಬರೇ ಕ್ಷಾರ ಇದು. ಅದರಾಗ ಬೆಳಕಿಲ್ಲ, ಗಾಳಿಯಿಲ್ಲ. ಆ ಹೆಣ್ಮಗಳು ದಿನಾ ನೀರು ಹಾಕ್ಯಾಳ, ನೀ ದಿನಾ ವಿಷ ಕುಡಿಸೀದಿ."

ನನ್ನ ನಾಲಗೆಯ ಬಗ್ಗೆ ನಾನು ಇಟ್ಟುಕೊಂಡಿದ್ದ ಗರ್ವವೆಲ್ಲ ಅಲ್ಲಿಯೇ ನೀರಲ್ಲಿ ಹರಿದುಹೋಯಿತು. ಅವನು ಐದು ಸಸಿ ಕಿತ್ತು ಕೊಟ್ಟ. ನಾನು ಕೇಳದಿದ್ದರೂ ಒಂದು ಪುಟ್ಟಿ ತುಂಬ ಮಣ್ಣನ್ನೂ ಕೊಟ್ಟು, ಸಾಯುತ್ತಿರುವ ಸಸಿಗಳನ್ನು ಉಳಿಸುವ ಬಗೆಯನ್ನು ಒಂದೊಂದಾಗಿ ಹೇಳಿದ. "ಇವು ಐದು ಬ್ಯಾರೆ ಹಚ್ಚು. ಅವುನ್ನ ಉಳಸು. ಹೇಳಿದ್ದು ಕೇಳ್ತೀ ಹೌದಿಲ್ಲೋ?"

"ಕೇಳ್ತೇನಿ ಚಾಚಾ," ಅಂದೆ. ಕೇಳಲಿಲ್ಲ. ಉಳಿಸುವುದು ಹತ್ತಾರು ದಿನದ ಕೆಲಸ, ಅದೂ ಉಳಿದರೆ. ಬದಲಾಯಿಸುವುದು ಒಂದು ಗಳಿಗೆಯ ಕೆಲಸ. ಹೆಂಡತಿ ನೀರಿಗೆ ಹೋದಾಗ, ಹತ್ತರಲ್ಲಿ ತೀರ ಸೊರಗಿದ್ದ ಐದನ್ನು ಕಿತ್ತು ವಾಡೆಯ ಹಿಂದಿನ ತಿಪ್ಪೆಗೆ ಎಸೆದು, ನೌಬಾದದ ಐದನ್ನು ಆ ಜಾಗದಲ್ಲಿ ಊರಿದೆ. ಎಲೆಗೆ ಸ್ವಲ್ಪ ಧೂಳು ಹಚ್ಚಿ, ಒಂದೆರಡನ್ನು ಕಿಟಕಿಯ ಕಡೆಗೆ ಬಾಗಿಸಿಯೂ ಇಟ್ಟೆ. ಕೈಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಅವಳು ಬಂದಳು. ಕೊಡ ಇಳಿಸಿದಳು. ಕುಂಡದ ಮುಂದೆ ಕೂತು ಎಣಿಸಿದಳು. ಎಣಿಕೆ ಸರಿಯಿತ್ತು. ಆಮೇಲೆ ಒಂದೊಂದು ಸಸಿಯ ಗಿಣ್ಣನ್ನು ಬೆರಳಲ್ಲಿ ಹಿಡಿದು ನೋಡುತ್ತ ಹೋದಳು. ಅವರ ಮನೆಯ ಮೆಣಸಿನ ಗಿಡದ ಗಿಣ್ಣಿಗೆ ನೇರಳೆಯ ಛಾಯೆ ಇರುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಸಸಿಗೂ ಮುಖ ಮೂಗು ಇತ್ತು.

"ಇವು ಐದು ನಮ್ಮವಲ್ಲ."

ನಾನು ನಗುತ್ತ ಏನೋ ಹೇಳಲು ಹೊರಟೆ. ಅವಳು ತಲೆಯೆತ್ತಿ ನೋಡಿದಳು. ಬೈಯುತ್ತಾಳೆಂದು ಕಾದಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ನಮ್ಮವ್ವಂದು ಸುದ್ದಿ ಬಂದದ ಹೌದಿಲ್ರಿ?"

"ಎಂಥಾ ಸುದ್ದಿ?"

"ಆಕಿ ಸತ್ತಾಳ. ನಿಮಗ ಗೊತ್ತಾಗೇದ. ನನಗ ತಿಳೀಬಾರದಂತ ಹಿಂಗ ಮಾಡೀರಿ."

"ಇಲ್ಲ! ದೇವರ ಆಣಿ ಇಲ್ಲ! ನೀ ಉಪಾಸ ಕೂತಿದ್ದೀ ಅಂತ ಮಾಡೇನಿ."

"ನೀವು ಖರೇ ಹೇಳೂದು ಯಾವಾಗ, ಸುಳ್ಳು ಹೇಳೂದು ಯಾವಾಗ, ನನಗ ಹ್ಯಾಂಗ ತಿಳೀಬೇಕ್ರಿ?"

ನಾನು ಆಣೆ ಮೇಲೆ ಆಣೆ ಇಟ್ಟೆ. ಮದುವೆಯಾದ ಮೇಲೆ ನಾನು ಎಷ್ಟು ಆಣೆ ಇಟ್ಟು ಎಷ್ಟು ಸುಳ್ಳು ಹೇಳಿದ್ದೆನೋ, ಅವೆಲ್ಲ ಈಗ ನನ್ನ ವಿರುದ್ಧ ಸಾಕ್ಷಿ ಹೇಳಲು ಎದ್ದು ನಿಂತವು. ಅವಳು ನಂಬಲಿಲ್ಲ. "ನಮ್ಮವು ಎಲ್ಲಿ ಹಾಕೀರಿ?" ಎಂದಷ್ಟೇ ಕೇಳಿದಳು. ತಿಪ್ಪೆ ತೋರಿಸಿದೆ. ಬಿಸಿಲು ಇನ್ನೂ ಇತ್ತು. ಅವಳು ಸೆರಗು ಸಿಕ್ಕಿಸಿ ತಿಪ್ಪೆಯ ಮೇಲೆ ಕೂತು, ಬೂದಿ, ಸಗಣಿ, ಉಳ್ಳಾಗಡ್ಡಿ ಸಿಪ್ಪೆಗಳ ನಡುವೆ ಹುಡುಕತೊಡಗಿದಳು. ವಾಡೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ನಾನೂ ಹೋಗಿ ಅವಳ ಪಕ್ಕದಲ್ಲಿ ಕೂತು ಹುಡುಕಿದೆ. ಐದೂ ಸಿಕ್ಕವು. ಮೂರು ಸುರುಟಿಹೋಗಿದ್ದವು, ಎರಡರ ನೆತ್ತಿಯಲ್ಲಿ ಇನ್ನೂ ಹಸಿರಿತ್ತು.

ಐದು ಮತ್ತು ಎರಡು, ಏಳು. ನನ್ನ ಮಾತಿಗೆ ಬೆಲೆಯಿಲ್ಲವಾದ ಮೇಲೆ ಆ ಏಳನ್ನು ಉಳಿಸದೆ ನನಗೆ ಬೇರೆ ದಾರಿಯಿರಲಿಲ್ಲ. ಅವು ಹೋದರೆ ಅವಳ ಮನಸ್ಸಿನಲ್ಲಿ ಅವಳ ತಾಯಿಯನ್ನು ನಾನೇ ಕೊಂದಂತೆ.

ಬಾಗವಾನ ಹೇಳಿದ್ದನ್ನು ಈ ಸಲ ಅಕ್ಷರಶಃ ಮಾಡಿದೆ. ಅವಳು ಹತ್ತಿರ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು, ಕಳ್ಳನ ಕೈ ನೋಡುವಂತೆ. ಕುಂಡಕ್ಕೆ ನೀರು ತುಂಬಿ ಮಣ್ಣು ಸಡಿಲವಾದ ಮೇಲೆ, ಎಳೆಯದೆ, ಚಮಚದಿಂದ ಕೆಳಗಿನಿಂದ ಎತ್ತಿದೆ. ಬೇರುಗಳ ತುದಿ ಕಂದಾಗಿತ್ತು. ಒಂದೊಂದನ್ನೂ ಎಲೆಯಲ್ಲಿ ಹಿಡಿದು, ಕಾಂಡ ಮುಟ್ಟದೆ, ಬಟ್ಟಲ ನೀರಿನಲ್ಲಿ ತೊಳೆದೆ. ಮೂರು ಸಲ ನೀರು ಬದಲಾಯಿಸಿದೆ. ಬಾಗವಾನ ಕೊಟ್ಟಿದ್ದ ಮಣ್ಣು ಸುರಂಗದ ಬಾಯಿಯ ಹೂಳು, ಎರಡು ವರ್ಷದ ಹಳೆಯ ಕುರಿಗೊಬ್ಬರ, ಸ್ವಲ್ಪ ಮರಳು. ಹೆಂಡತಿ ಅದನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಳು. ಅದು ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆಯಿತು. ಅವಳು ಮುತ್ತುಗದ ಎಲೆಯ ದೊನ್ನೆಗಳನ್ನು ತಾನೇ ಹಚ್ಚಿ ತಂದಳು, ಬುಡದಲ್ಲಿ ಕಡ್ಡಿಯಿಂದ ತೂತು ಚುಚ್ಚಿದಳು. ನೂಲಿನಂತಿದ್ದ ಕಾಂಡ ಬೀಳದ ಹಾಗೆ ಮೊದಲ ಎಲೆಯ ಹತ್ತಿರದವರೆಗೂ ಮಣ್ಣಲ್ಲಿ ಇಳಿಸಿದೆವು. ನೀರನ್ನು ಮೇಲಿಂದ ಹಾಕದೆ, ದೊನ್ನೆಗಳನ್ನು ನೀರಿದ್ದ ಅಗಲ ತಟ್ಟೆಯಂಥ ಪರಾತದಲ್ಲಿ ಇಟ್ಟು ಬುಡದಿಂದ ಕುಡಿಸಿದೆವು.

ಮೂರು ದಿನ ಹೊರಸು ಮಂಚದ ಕೆಳಗಿನ ನೆರಳು. ಆಮೇಲೆ ಕಿಟಕಿ ತೆರೆದೆವು. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಕಿಟಕಿ ತೆರೆದದ್ದು ಅದೇ ಮೊದಲು. ಒಳಗಿನ ಗಾಳಿ ಎಷ್ಟು ಕೆಟ್ಟಿತ್ತೆಂಬುದು ಹೊರಗಿನದು ಬಂದ ಮೇಲೆ ತಿಳಿಯಿತು. ಐದನೆಯ ದಿನದಿಂದ ಮಾಳಿಗೆಗೆ ಒಯ್ದು ಬೆಳಗಿನ ಎಳೆಬಿಸಿಲು ತೋರಿಸತೊಡಗಿದೆವು. ಮೊದಲ ದಿನ ಒಂದು ರೊಟ್ಟಿ ಬಡಿದು ಬೇಯಿಸುವಷ್ಟು ಹೊತ್ತು, ಮರುದಿನ ಎರಡು ರೊಟ್ಟಿ. ಅವಳು ಕೆಳಗೆ ರೊಟ್ಟಿ ಬಡಿದು ಕೂಗುತ್ತಿದ್ದಳು, ನಾನು ಮೇಲಿಂದ ಇಳಿಸಿಕೊಂಡು ಬರುತ್ತಿದ್ದೆ. ಗಾಳಿ ಕಾಣದ ಸಸಿಗೆ ಕಾಂಡ ಗಟ್ಟಿಯಾಗುವುದಿಲ್ಲ, ದಿನವೂ ಅಂಗೈಯಿಂದ ನೆತ್ತಿ ಸವರಬೇಕೆಂದು ಬಾಗವಾನ ಹೇಳಿದ್ದ. ನಾನು ಹತ್ತು ಸಲ ಸವರಿದರೆ ಅವಳು ಇನ್ನೈದು ಸಲ ಸವರುತ್ತಿದ್ದಳು. ನಮ್ಮಿಬ್ಬರ ಸಂಸಾರ ಆ ದಿನಗಳಲ್ಲಿ ಏಳು ದೊನ್ನೆಗಳ ಸುತ್ತಲೇ ಇತ್ತು.

ತಿಪ್ಪೆಯಿಂದ ತಂದ ಎರಡರಲ್ಲಿ ಒಂದು ಹೋಯಿತು. ಇನ್ನೆರಡು ಬುಡ ಕೊಳೆತು ಬಿದ್ದವು. ನಾಲ್ಕು ನಿಂತವು. ಒಂದು ಬೆಳಿಗ್ಗೆ ನೋಡಿದರೆ ನಾಲ್ಕರ ನೆತ್ತಿಯಲ್ಲೂ ಹೊಸ ಎಲೆ ಒಡೆದಿತ್ತು, ಅಂಚು ಸುಟ್ಟಿರಲಿಲ್ಲ. ಅವಳು ಆ ದಿನ ಎರಡು ರೊಟ್ಟಿ ತಿಂದಳು. ನೌಬಾದದ ಐದನ್ನೂ ಅವಳು ಎಸೆದಿರಲಿಲ್ಲ. "ಇವುಗೊಳ್ದೇನು ತಪ್ಪದ?" ಎಂದು ಬೇರೆ ದೊನ್ನೆಗಳಲ್ಲಿ ಹಚ್ಚಿ, ಅವಕ್ಕೂ ನೀರು ಕುಡಿಸಿದ್ದಳು. ಅವಂತೂ ಕೊಬ್ಬಿ ನಿಂತಿದ್ದವು.

ಸಸಿಗಳು ಇಡೀ ಬೆಳಗಿನ ಬಿಸಿಲು ತಡೆಯುವಂತಾದಾಗ ಭಾರತದ ವಿಮಾನಗಳು ಬಂದವು. ಬೀದರಿನ ವಿಮಾನದ ಮೈದಾನದ ಮೇಲೆ ಅವು ಸುತ್ತುವಾಗ ನಾವಿಬ್ಬರೂ ಮಾಳಿಗೆಯ ಮೇಲಿದ್ದೆವು. ಸದ್ದಿಗೆ ವಾಡೆಯ ಗೋಡೆ ನಡುಗಿತು. ಕೆಳಗಿನವರು "ಇಳೀರಿ, ಇಳೀರಿ!" ಎಂದು ಕೂಗುತ್ತಿದ್ದರು. ಅವಳು ದೊನ್ನೆಗಳನ್ನು ಒಂದೊಂದಾಗಿ ಪರಾತದಲ್ಲಿ ಜೋಡಿಸುತ್ತಿದ್ದಳು, ಸಂತೆಗೆ ಹೊರಟವಳ ಹಾಗೆ.

"ಬಿಡು ಅವುನ್ನ, ಬಾ!" ಅಂದೆ.

"ನೀವು ಇಳೀರಿ. ನಾ ಓಡಿದ್ರ ಇವು ಉಳ್ಳತಾವ."

ಪರಾತದ ಇನ್ನೊಂದು ಬದಿ ನಾನು ಹಿಡಿದೆ. ನಾನು ಧೈರ್ಯವಂತ ಎಂದು ಬೀದರಿನಲ್ಲಿ ಹೆಸರಿದೆ, ಆ ಹೆಸರನ್ನು ಹಬ್ಬಿಸಿದವನೂ ನಾನೇ. ಆ ದಿನ ಇಳಿಯುವಾಗ ನಾನು ಎರಡು ಸಲ ಮೆಟ್ಟಿಲು ತಪ್ಪಿದೆ, ಅವಳು ಒಂದೂ ತಪ್ಪಲಿಲ್ಲ.

ಕೆಲವೇ ದಿನಗಳಲ್ಲಿ ಎಲ್ಲ ಮುಗಿಯಿತು. ಸೈನ್ಯ ಬಂತು, ರಾಜ್ಯ ಬದಲಾಯಿತು. ಮೆರವಣಿಗೆಗಳಾದವು. ಅದರ ಹಿಂದೆಯೇ ನಡೆದದ್ದನ್ನು ಬೀದರಿನವರು ಈಗಲೂ ದನಿ ತಗ್ಗಿಸಿ ಹೇಳುತ್ತಾರೆ. ಹಿಂದೆ ಯಾರು ಬಾಗಿಲು ಮುಚ್ಚಿಕೊಂಡು ಕೂತಿದ್ದರೋ ಅವರು ಹೊರಗೆ ಬಂದರು. ಈಗ ಬೇರೆಯವರು ಬಾಗಿಲು ಮುಚ್ಚಿಕೊಂಡರು, ಕೆಲವರ ಬಾಗಿಲೇ ಉಳಿಯಲಿಲ್ಲ. ನಮ್ಮ ಉಸ್ತಾದರು ಒಂದು ತಿಂಗಳು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅವರ ಮನೆಗೆ ಹಿಟ್ಟು ಮುಟ್ಟಿಸಲು ಹೋದಾಗ ನಾನು ಒಂದೂ ಚೇಷ್ಟೆ ಮಾಡಲಿಲ್ಲ. ಅವರು ಅದನ್ನು ಗಮನಿಸಿ, "ನೀ ಸುಮ್ನಿದ್ರ ನನಗ ಹೆಚ್ಚು ಅಂಜಿಕಿ ಆಗ್ತದೋ," ಅಂದರು.

ರಸ್ತೆ ಸ್ವಲ್ಪ ತಿಳಿಯಾದ ಮೇಲೆ ಹೆಂಡತಿ, "ಆ ಮುದುಕನ ಸಸಿ ಆತಗ ಕೊಟ್ಟು ಬರೂಣ್ರಿ," ಅಂದಳು. ಐದು ದೊನ್ನೆ ಹಿಡಿದು ಇಬ್ಬರೂ ನೌಬಾದಕ್ಕೆ ಹೋದೆವು. ಗುಡಿಸಲ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಮಡಿಗಳು ಬಿರುಕು ಬಿಟ್ಟಿದ್ದವು. ಸುರಂಗದ ನೀರು ಮಾತ್ರ ಹರಿಯುತ್ತಲೇ ಇತ್ತು. ಆಚೆ ಹೊಲದವನನ್ನು ಕೇಳಿದರೆ, "ಹ್ವಾದ್ರು," ಅಂದ. ಎಲ್ಲಿಗೆ ಎಂದು ಕೇಳಿದ್ದಕ್ಕೆ ಮುಖ ತಿರುಗಿಸಿದ. ಅವಳು ಮಡಿಯ ಒಂದು ಮೂಲೆ ಕೆದರಿ ಐದನ್ನೂ ನೆಟ್ಟಳು. ಸುರಂಗದಿಂದ ಸಣ್ಣ ಕಾಲುವೆ ಎಳೆದು ಅಲ್ಲಿಯವರೆಗೂ ನೀರು ತಂದಳು. ನಾನು ಆ ಮುದುಕನಿಗೆ ಹೇಳಬೇಕಾಗಿದ್ದ ಮಾತು ನನ್ನ ಬಾಯಲ್ಲಿಯೇ ಉಳಿಯಿತು. ಅವನನ್ನು ನಾನು ಮತ್ತೆ ನೋಡಲಿಲ್ಲ.

ಅದಾಗಿ ಕೆಲವು ದಿನಕ್ಕೆ ಕಂಬಳಿ ಮಾರುವ ಒಬ್ಬ ಕುರುಬ ನಮ್ಮ ವಾಡೆ ಹುಡುಕಿಕೊಂಡು ಬಂದ. ಹೆಂಡತಿಯ ಊರಿನವನೇ. ಅವಳನ್ನು ಕಂಡವನೇ, "ತಂಗೀ, ನಿಮ್ಮವ್ವ ಭಾಲ್ಕ್ಯಾಗ ಅದಾಳ, ನಿಮ್ಮ ಸಣ್ಣವ್ವನ ಮನ್ಯಾಗ," ಅಂದ.

ಅವಳು ಗೋಡೆ ಹಿಡಿದುಕೊಂಡಳು. "ಅಪ್ಪ?"

ಕುರುಬ ಕಂಬಳಿಗಳನ್ನು ಮಡಿಚತೊಡಗಿದ. ಮಡಿಚಿದ್ದನ್ನೇ ಮತ್ತೆ ಬಿಚ್ಚಿ ಮಡಿಚಿದ. "ಎತ್ತು ಬಿಚ್ಚಿ ಬರ್ತೇನಂತ ಹಿಂದಕ್ಕ ಹೋದ್ರು ತಂಗೀ," ಅಂದ.

ಮರುದಿನ ಭಾಲ್ಕಿಯ ರೈಲು ಹತ್ತಿದೆವು. ನಾಲ್ಕು ದೊನ್ನೆಗಳು ಅವಳ ಮಡಿಲಲ್ಲಿದ್ದವು. ದಾರಿಯುದ್ದಕ್ಕೂ ಕಿಟಕಿಯ ಗಾಳಿಗೆ ಸಸಿಗಳು ಅಲುಗಿದವು, ಒಂದೂ ಬಾಗಲಿಲ್ಲ. ನಾನು ಅದನ್ನು ತೋರಿಸಿದೆ. ಅವಳು ಒಂದು ದೊನ್ನೆಯ ಮಣ್ಣು ಅಮುಕುತ್ತ ಹೇಳಿದಳು: "ನಾ ಬರೇ ಅವ್ವನ ಹೆಸರಿಲೆ ನೀರು ಹಾಕ್ದೆರಿ. ಅಪ್ಪನ್ನ ಹೆಸರು ತಗೀಲೇ ಇಲ್ಲ."

ಅವಳ ತಂದೆ ಹೋದದ್ದು ಬೀಜ ಮೊಳೆಯುವ ಮೊದಲು ಎಂದು ಲೆಕ್ಕ ಬಿಡಿಸಿ ಹೇಳಬಹುದಾಗಿತ್ತು. ಹೇಳಿದರೆ ಅವಳ ತಾಯಿ ಉಳಿದದ್ದಕ್ಕೂ ಈ ಸಸಿಗೂ ಸಂಬಂಧವಿಲ್ಲ ಎಂದು ಹೇಳಿದಂತಾಗುತ್ತಿತ್ತು. ಸುಮ್ಮನೆ ಕೂತೆ. ಸುಮ್ಮನೆ ಕೂರುವುದನ್ನು ನಾನು ಕಲಿತದ್ದು ಆ ರೈಲಿನಲ್ಲಿ.

ಭಾಲ್ಕಿಯಲ್ಲಿ ಅತ್ತೆ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳದ ಕಲ್ಲು ಆರಿಸುತ್ತಿದ್ದರು. ಮೈಯಲ್ಲಿ ಅರ್ಧ ಇಳಿದಿದ್ದರು. ಹಣೆ ಬರಿದಾಗಿತ್ತು. ಮಗಳು ಹತ್ತಿರ ಬಂದು ನಿಂತರೂ ಮೊರ ಕೆಳಗಿಡಲಿಲ್ಲ. ಅವರ ಕಣ್ಣು ದೊನ್ನೆಗಳ ಮೇಲೆ ಬಿತ್ತು. ಕೈ ಚಾಚಿ ಒಂದು ಗಿಣ್ಣನ್ನು ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದರು.

"ನಮ್ಮವೇ," ಅಂದರು. ಆಮೇಲೆ ತಾಯಿ ಮಗಳಿಬ್ಬರೂ ಅತ್ತರು. ಮೊರದಿಂದ ಚೆಲ್ಲಿದ ಜೋಳವನ್ನು ನಾನು ಮತ್ತೆ ತುಂಬುತ್ತ ಕೂತೆ.

ಸಂಜೆ ಊಟಕ್ಕೆ ಕೂತಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೇಳತೊಡಗಿದರು. "ಅಳಿಯಂದಿರು ಅದಾರ, ಅವರೆದ್ರಿಗೇ ಹೇಳ್ತೇನಿ. ನಿನಗ ಗಂಟು ಕಟ್ಟಿ ಕೊಟ್ಟಿದ್ನಲ್ಲ ಮಗಳೇ, ಅವು ಮೂರು ವರ್ಷದ್ದು ಹಳೀ ಬೀಜ. ಹುಟ್ಟತಾವೋ ಇಲ್ಲೋ ಅನ್ನೋವು. ಚಲೋ ಬೀಜ ನಾನೇ ಇಟ್ಕೊಂಡಿದ್ದೆ, ಬೂದ್ಯಾಗ ಕಲಸಿ, ಗಡಿಗ್ಯಾಗ ಹಾಕಿ. ಪ್ಯಾಟಿಗೆ ಹೋಗಾಕಿ, ಅಲ್ಲಿ ಹಿತ್ತಲಿಲ್ಲ, ಚಲೋ ಬೀಜ ಯಾಕ ಹಾಳ ಮಾಡ್ಲಿ ಅಂದೆ. ಗಡಿಗಿ ಮನಿ ಕೂಡ ಸುಟ್ಟು ಹ್ವಾತು."

ಹೆಂಡತಿ ತುತ್ತು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಅವಳು ಬೈಯಬಹುದಾಗಿತ್ತು. ನನ್ನ ಮನಸ್ಸಿಗೆ ಒಂದು ಗಳಿಗೆ ನಿರಾಳವೂ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ. ಸಸಿ ಸತ್ತದ್ದರಲ್ಲಿ ಅರ್ಧ ತಪ್ಪು ಅತ್ತೆಯ ಬೀಜದ್ದೂ ಇತ್ತಲ್ಲ! ಹೇಳಿಬಿಡೋಣವೆಂದು ಬಾಯಿ ತೆರೆದೆ. ಹೆಂಡತಿ ನನ್ನ ಕಡೆ ಒಂದು ಸಲ ನೋಡಿದಳು. ಮುಚ್ಚಿದೆ.

"ಉಣ್ಣವ್ವಾ," ಅಂದಳು ತಾಯಿಗೆ. "ಹಳೀವೇ ಹುಟ್ಟ್ಯಾವ."

ಆ ವಾರವೇ ಅವರ ಊರಿಗೆ ಹೋದೆವು. ಮನೆಯ ಗೋಡೆಗಳಷ್ಟೇ ನಿಂತಿದ್ದವು. ಬಾವಿ ಚೆನ್ನಾಗಿತ್ತು. ಹಿತ್ತಲಿನ ಕರಿಮಣ್ಣಲ್ಲಿ, ಬಾವಿಯ ಹತ್ತಿರ, ಅತ್ತೆಯ ಕೈಯಿಂದಲೇ ನಾಲ್ಕನ್ನೂ ನೆಡಿಸಿದೆವು. ಹೊತ್ತು ಮೀರಿದ ನಾಟಿ ಎಂದು ಊರಿನವರು ತಲೆಯಾಡಿಸಿದರು. ಕಾರಖಾನೆ ಇನ್ನೂ ತೆರೆದಿರಲಿಲ್ಲವಾದ್ದರಿಂದ ನಾನು ಅಲ್ಲಿಯೇ ಉಳಿದು ಗೋಡೆ ಎಬ್ಬಿಸಿದೆ, ಮಾಳಿಗೆ ಹಾಸಿದೆ, ನೀರು ಸೇದಿದೆ. ಬೆಳ್ಳಿ ತಂತಿ ಹಿಡಿಯುವ ಕೈ ಕಲ್ಲು ಹೊತ್ತಿತು. ಒಂದು ಸಸಿಯನ್ನು ಆಡು ತಿಂದಿತು. ಮೂರು ಬೆಳೆದವು. ಚಳಿಯ ದಿನಗಳಲ್ಲಿ ಗಿಡ್ಡ ಗಿಡ್ಡ ಕಾಯಿ ಬಿಟ್ಟು, ಒಂದೊಂದಾಗಿ ಕಪ್ಪುಗೆಂಪಾಗಿ ಹಣ್ಣಾದವು. ಒಂದನ್ನೂ ಅಡುಗೆಗೆ ಹಾಕಲಿಲ್ಲ.

ಒಣಗಿದ ಮೇಲೆ ಒಂದು ಮಧ್ಯಾಹ್ನ ತಾಯಿ ಮಗಳು ಹೊಸ ಕಟ್ಟೆಯ ಮೇಲೆ ಬಿಳಿಯ ಬಟ್ಟೆ ಹಾಸಿಕೊಂಡು ಕಾಯಿ ಒಡೆದು ಬೀಜ ಬಿಡಿಸಲು ಕೂತರು. ಅತ್ತೆ ಒಂದೊಂದೇ ಬೀಜವನ್ನು ಉಗುರಿನಿಂದ ಉರುಳಿಸಿ ನೋಡುತ್ತಿದ್ದರು. ದಪ್ಪಗೆ, ಹಳದಿಯಾಗಿ ತುಂಬಿದ ಬೀಜ ಮಗಳ ಕಡೆಗೆ ಹೋಗುತ್ತಿತ್ತು. ತೆಳ್ಳಗಿನದು, ಕಪ್ಪು ಚುಕ್ಕೆಯದು, ಸುರುಟಿದ್ದು ಅವರ ಮುಂದೆ ಉಳಿಯುತ್ತಿತ್ತು.

ಸ್ವಲ್ಪ ಹೊತ್ತು ನೋಡಿ ಮಗಳು ತನ್ನ ಗುಂಪಿನಿಂದ ಒಂದು ಚಿಟಿಕೆ ತೆಗೆದು ತಾಯಿಯ ಗುಂಪಿಗೆ ಹಾಕಿದಳು. ತಾಯಿ ಅದನ್ನು ಹೆಕ್ಕಿ ವಾಪಸ್ಸು ಹಾಕಿದರು. ಮಗಳು ಮತ್ತೆ ಹಾಕಿದಳು.

"ಸುಮ್ಕ ಕುಂದ್ರು," ಅಂದರು ಅತ್ತೆ, ತಲೆ ಎತ್ತದೆ. "ಈ ಸಲ ನಾ ಮೋಸ ಮಾಡಂಗಿಲ್ಲ."

"ಇಬ್ಬರಿಗೂ ಅರ್ಧ ಅರ್ಧ ಅವ್ವಾ. ನಿನ್ನ ಹಿತ್ತಲ ಖಾಲಿ ಬಿಡ್ತೀ ಏನು?"

ಅತ್ತೆಯ ಬೆರಳು ನಿಂತಿತು. ಬಟ್ಟೆಯ ಮೇಲಿದ್ದ ಎರಡೂ ಗುಂಪುಗಳನ್ನು ಅವರು ನೋಡಿದರು. ಆಮೇಲೆ ಅಂಗೈಯಿಂದ ಎರಡನ್ನೂ ಕೂಡಿಸಿ ಒಂದು ಮಾಡಿ, ಮತ್ತೆ ಮೊದಲಿನಿಂದ, ನಿನಗೊಂದು ನನಗೊಂದು ಎಂಬಂತೆ, ಹಂಚತೊಡಗಿದರು.